ಚೀಟಿಯಿಲ್ಲದ ತಟ್ಟೆ

“ಈ ಮನುಷ್ಯ ಉಸಿರು ತಗೊಳ್ಳೋದನ್ನೇ ಮರೆತಿದ್ದಾನೆ ಕಣೋ ತಮ್ಮಾ! ನೋಡು, ಇನ್ನೂ ಎಳೀತಾನೇ ಇದ್ದಾನೆ!”

ತಿರುಗುತ್ತಿದ್ದ ರೆಕಾರ್ಡಿನ ಹಾಡುಗಾರನ ಬಗ್ಗೆ ಎಂಟು ದಿನದಲ್ಲಿ ನೀರಕ್ಕ ಇದನ್ನು ಹೇಳುತ್ತಿದ್ದುದು ಎಂಟನೆಯ ಸಲ. ಕೈಯಲ್ಲಿದ್ದ ತುತ್ತು ಬಾಯಿಗೂ ಹೋಗದೆ ಡಬ್ಬಿಗೂ ಇಳಿಯದೆ ನಡುವೆಯೇ ನಿಂತಿತ್ತು. ರೇಡಿಯೋ ಕೇಂದ್ರದ ನೆಲಮಾಳಿಗೆಯಲ್ಲಿ ಹಳೆಯ ರೆಕಾರ್ಡ್ ತಟ್ಟೆಗಳನ್ನು ಸೋಪಿನ ನೀರಲ್ಲಿ ತೊಳೆದು, ಒರೆಸಿ, ಒಣಗಿಸಿ ಕೊಡುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಆಗಿ ಬೆರಳ ತುದಿಗಳು ಸದಾ ಸುಕ್ಕುಗಟ್ಟಿರುತ್ತಿದ್ದವು. ಹೆಸರು ಬಂದದ್ದೂ ಅಲ್ಲಿಂದಲೇ.

ಎದುರು ಕೂತಿದ್ದವನು ಟೆಕ್ನಿಷಿಯನ್. ಅವಳು ತೊಳೆದುಕೊಟ್ಟದ್ದನ್ನು ಕಂಪ್ಯೂಟರಿಗೆ ಇಳಿಸುವವನು. ಡ್ರಮ್ಮು, ಕಿವಿ ಹರಿಯುವ ಗಿಟಾರು ಎಂದರೆ ಪ್ರಾಣ ಬಿಡುತ್ತಿದ್ದ ಅವನಿಗೆ ಅಕ್ಕ ಇಟ್ಟ ಹೆಸರು ಗದ್ದಲ. ಇಬ್ಬರ ನಡುವೆ ಮೂರು ವರ್ಷದಿಂದ ಒಂದು ಕರಾರಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಸರದಿಯಂತೆ ಒಬ್ಬರು ಇನ್ನೊಬ್ಬರಿಗೆ ಕೇಳಿಯೇ ಇರದ ಒಂದು ಹಾಡನ್ನು ಕೇಳಿಸಬೇಕು. ಮೊದಲ ಸಲ ಮುಗಿಯುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. ಹಾಗೆ ಅವಳು ಹಾಕಿದ ಲಾಲಿಯೊಂದಕ್ಕೆ ಅವನು ಕೂತಲ್ಲೇ ಕರಗಿಹೋಗಿದ್ದ. ಅವನು ಹಾಕಿದ ರ‍್ಯಾಪ್ ಕೇಳಿ ಅವಳು, “ಥೇಟ್ ನಮ್ಮತ್ತೆ ಬೈದ ಹಾಗೇ ಇದೆ. ಆದ್ರೆ ಇವನು ತಾಳ ತಪ್ಪಲ್ಲ ಬಿಡು,” ಎಂದು ಒಪ್ಪಿಕೊಂಡಿದ್ದಳು.

ಈಗ ಹಾಡುತ್ತಿದ್ದ ಈ ಮುದುಕನ ಸಂಗತಿಯೇ ಬೇರೆ. ಯಾವ ಭಾಷೆಯೋ, ಯಾವ ಊರೋ, ಹೇಳಲು ತಟ್ಟೆಯ ಮೇಲೆ ಚೀಟಿಯೇ ಇರಲಿಲ್ಲ. ನೀರಕ್ಕ ಅದನ್ನು ರದ್ದಿಯ ರಾಶಿಯಿಂದ ಎತ್ತಿ, ಮೂರು ಸಲ ತೊಳೆದು, ತನ್ನ ಹಳೆಯ ರೆಕಾರ್ಡ್ ಪ್ಲೇಯರ್ ಪೆಟ್ಟಿಗೆಯ ಮೇಲಿಟ್ಟು ಮುಳ್ಳು ಇಳಿಸಿದಾಗ, ಬಾವಿಯ ತಳದಿಂದ ಎದ್ದು ಬಂದಂಥ ಗಂಡುದನಿ. ಒಂದೊಂದು ಸ್ವರವನ್ನೂ ಭಾರವಾದ ಕಲ್ಲಿನಂತೆ ಎತ್ತಿ, ಮೆಲ್ಲಗೆ ಇಳಿಸಿ, ಮತ್ತೊಂದಕ್ಕೆ ಕೈ ಹಾಕುವ ಹಾಡು. ಅವತ್ತು ಗದ್ದಲ ಎದ್ದುಹೋಗಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಯಾವುದೋ ಕಡತ ಹುಡುಕುತ್ತ ಕೆಳಗೆ ಬಂದ ಉದ್ಘೋಷಕಿ ಮೆಟ್ಟಿಲ ಮೇಲೇ ಕೂತುಬಿಟ್ಟಿದ್ದಳು.

ಇಂದು ಸಂಜೆ ಆರೂವರೆಗೆ ಅದು ಅವಳ ಕಾರ್ಯಕ್ರಮದಲ್ಲಿ ಬರುವುದಿತ್ತು. ಇದನ್ನು ಹುಡುಕಿದ್ದು ಹತ್ತೊಂಬತ್ತು ವರ್ಷದಿಂದ ತಟ್ಟೆ ತೊಳೆಯುತ್ತಿರುವ ನಮ್ಮ ನೀರಕ್ಕ ಎಂದು ಉದ್ಘೋಷಕಿ ಹೇಳಲಿದ್ದಳು. ಅಕ್ಕನ ಗಂಡ ಬೀದಿಯವರಿಗೆಲ್ಲ ಸಾರಿಬಿಟ್ಟಿದ್ದ. ಅತ್ತೆಯಂತೂ ರೇಡಿಯೋದ ಸೆಲ್ಲು ಬದಲಾಯಿಸಿ, ಬೆಳಗಿನಿಂದ ಅದನ್ನು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲವಂತೆ.

ಊಟ ಮುಗಿಸಿ ಗದ್ದಲ ಮೇಲಿನ ಕೋಣೆಗೆ ಹೋದ. ಅಕ್ಕನ ಪೆಟ್ಟಿಗೆಯ ವೇಗದಲ್ಲೇ ತಟ್ಟೆಯನ್ನು ತಿರುಗಿಸಿ ಹಾಡನ್ನು ಕಂಪ್ಯೂಟರಿಗೆ ಇಳಿಸಿದ. ಕರಕರ ತೆಗೆಯೋಣವೆಂದು ಹೆಡ್‌ಫೋನ್ ಏರಿಸಿದವನಿಗೆ ಹಾಡಿನ ಅಡಿಯಲ್ಲಿ ಸಣ್ಣಗೆ ಗುಂಯ್ ಎನ್ನುವ ಸದ್ದು ಕೇಳಿಸಿತು. ಅದೇನೂ ಹೊಸದಲ್ಲ. ಹಳೆಯ ಸ್ಟುಡಿಯೋಗಳಲ್ಲಿ ಕರೆಂಟಿನ ಗುಂಯ್ ಎಲ್ಲದರೊಳಗೂ ಸೇರಿಕೊಳ್ಳುತ್ತದೆ. ಅದರ ಶ್ರುತಿ ಮಾತ್ರ ಯಾವತ್ತೂ ಒಂದೇ. ಹೆಂಡತಿ ಕೂಗಿದರೆ ಗುರುತು ಹಿಡಿಯುವಷ್ಟೇ ಸಲೀಸಾಗಿ ಅವನ ಕಿವಿ ಅದನ್ನು ಹಿಡಿಯುತ್ತಿತ್ತು. ಇಲ್ಲಿ ಅದು ತಗ್ಗಿತ್ತು. ತೀರಾ ತಗ್ಗಿತ್ತು.

ಹೆಡ್‌ಫೋನ್ ಕೆಳಗಿಟ್ಟ. ಮತ್ತೆ ಹಾಕಿಕೊಂಡ.

ದೊಡ್ಡ ತಟ್ಟೆಗಳೆಲ್ಲ ನಿಮಿಷಕ್ಕೆ ಮೂವತ್ಮೂರು ಸುತ್ತು ಎಂಬುದು ನೆಲಮಾಳಿಗೆಯ ರೂಢಿ. ಗುಂಯ್ ಇಷ್ಟು ತಗ್ಗಿದೆಯೆಂದರೆ ತಟ್ಟೆ ತಿರುಗಬೇಕಾದ್ದಕ್ಕಿಂತ ನಿಧಾನವಾಗಿ ತಿರುಗಿದೆ; ಇದು ನಲವತ್ತೈದರದು. ಚೀಟಿಯಿದ್ದಿದ್ದರೆ ಅದರ ಮೇಲೆ ಬರೆದಿರುತ್ತಿತ್ತು. ಎಂಟು ದಿನ ಅವರು ಕೈಮುಗಿದು ಕೇಳಿದ ಮುದುಕ ಈ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ.

ಹೇಳದೆ ಇದ್ದುಬಿಟ್ಟರೆ? ಗೊತ್ತಾಗುವುದಾದರೂ ಯಾರಿಗೆ? ಆದರೆ ಕೇಳುವವರಲ್ಲಿ ಆ ಭಾಷೆ ಬಲ್ಲವನು ಒಬ್ಬನಿದ್ದರೆ ಸಾಕು, ನಾಳೆ ಅಕ್ಕ ನಗೆಪಾಟಲು. ಅದಕ್ಕಿಂತ ಹೆಚ್ಚಾಗಿ, ನಾಳೆ ಮಧ್ಯಾಹ್ನ ಎದುರು ಕೂತು ಯಾವ ಮುಖ ಹೊತ್ತು ಹಾಡು ಹಾಕುವುದು? ತಟ್ಟೆಯನ್ನು ಎದೆಗೊತ್ತಿಕೊಂಡು ಅವನು ಮೆಟ್ಟಿಲಿಳಿದ.

ನೀರಕ್ಕ ತೊಟ್ಟಿಯ ಮುಂದೆ ಕೂತು ಎಲ್ಲವನ್ನೂ ಕೇಳಿದಳು. ಕೈ ನೀರೊಳಗೇ ಇತ್ತು.

“ತಮಾಷೆ ಮಾಡ್ಬೇಡ ಕಣೋ.”

“ಅಕ್ಕಾ, ನಾನೂ ಅತ್ತಿದ್ದೀನಿ ಆ ಹಾಡಿಗೆ. ತಮಾಷೆ ಹೆಂಗೆ ಮಾಡ್ಲಿ?”

“ಹತ್ತೊಂಬತ್ತು ವರ್ಷಕ್ಕೆ ಒಂದು ಸಿಕ್ತು,” ಎಂದಳು ಅವಳು, ತೊಟ್ಟಿಯ ನೊರೆಗೆ ಹೇಳುವವಳಂತೆ. “ಒಂದೇ ಒಂದು. ಅದನ್ನೂ ಕಿತ್ಕೊಂಡ್ಯಲ್ಲೋ.”

ಅವನು ಅವಳ ಪೆಟ್ಟಿಗೆಯ ಮೇಲೆ ತಟ್ಟೆ ಇಟ್ಟು, ಗುಂಡಿಯನ್ನು ನಲವತ್ತೈದಕ್ಕೆ ತಿರುಗಿಸಿ, ಮುಳ್ಳು ಇಳಿಸಿದ.

ಹೆಣ್ಣುದನಿ. ಹದಿನಾರೋ ಹದಿನೇಳೋ ಇರಬೇಕು. ಇಳಿಜಾರಿನಲ್ಲಿ ಬರಿಗಾಲಲ್ಲಿ ಓಡಿಬರುವವಳ ಹಾಗೆ, ಇನ್ನೇನು ಎಡವಿದಳು ಎನ್ನುವಷ್ಟರಲ್ಲಿ ಜಿಗಿದು, ನಗು ತಡೆಯಲಾರದೆ ತಡೆದು ಹಾಡುತ್ತಿದ್ದಳು. ಮುದುಕ ಎತ್ತಿಟ್ಟಿದ್ದ ಕಲ್ಲುಗಳೆಲ್ಲ ಅವವೇ. ಇವಳು ಅವುಗಳ ಮೇಲೆ ಹಾರಿಕೊಂಡು ಹೋಗುತ್ತಿದ್ದಳು. ಕೇಳುತ್ತಿದ್ದ ಇಬ್ಬರಿಗೂ ಬಾಯಿಪಾಠವಾಗಿದ್ದ ರಾಗವನ್ನು ಇಬ್ಬರೂ ಹಿಂಬಾಲಿಸಲಾರದೆ ಹಿಂದೆ ಬಿದ್ದರು. ಕೊನೆಯಲ್ಲಿ, ಅವರು ಮುದುಕನ ನರಳಿಕೆ ಎಂದುಕೊಂಡಿದ್ದ ಜಾಗದಲ್ಲಿ, ಹುಡುಗಿ ಕಿಲಕಿಲ ನಕ್ಕಳು.

ಕರಾರಿನಂತೆ ಅಲ್ಲಿಯವರೆಗೂ ಯಾರೂ ತುಟಿ ಬಿಚ್ಚಲಿಲ್ಲ. ನೀರಕ್ಕನ ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಆ ಮುದುಕ ಎಲ್ಲೋ ಹೋದ?” ಎಂದಳು ಕಡೆಗೆ, ಪಿಸುದನಿಯಲ್ಲಿ.

“ಇನ್ನೊಂದ್ಸಲ ನಿಧಾನಕ್ಕೆ ಹಾಕಿದ್ರೆ ಬರ್ತಾನೆ ಅಕ್ಕ.”

“ಆ ಹುಡುಗಿಗೆ ಗೊತ್ತಿತ್ತಾ, ಇವನು ತನ್ನ ಜೊತೇಲೇ ಬಂದು ಹಾಡಿ ಹೋಗಿದ್ದಾನೆ ಅಂತ?”

ಗದ್ದಲ ತಲೆಯಾಡಿಸಿದ. ಅದು ಹೌದೋ ಅಲ್ಲವೋ ಅವನಿಗೂ ಗೊತ್ತಿರಲಿಲ್ಲ.

ಅವಳು ಸೆರಗಿಗೆ ಕೈ ಒರೆಸಿಕೊಂಡು, ತಟ್ಟೆಯ ಅಂಚನ್ನು ಎರಡೂ ಅಂಗೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದಳು. ನೇರ ಉದ್ಘೋಷಕಿಯ ಮೇಜಿನ ಮುಂದೆ ನಿಂತಳು.

“ತಾಯಿ, ನಾನು ತಪ್ಪು ಮಾಡಿದ್ದೀನಿ. ತಪ್ಪು ವೇಗದಲ್ಲಿ ಕೇಳಿ, ಇರದೇ ಇರೋ ಮುದುಕನ್ನ ಹುಡುಕಿಕೊಟ್ಟೆ. ಅದನ್ನ ಹಂಗೇ ಹೇಳ್ಬಿಡಿ, ಏನೂ ಮುಚ್ಚಿಡ್ಬೇಡಿ. ಆದ್ರೆ ಮೊದಲು ಆ ಮುದುಕನ್ನ ಹಾಕಿ. ಆಮೇಲೆ ಸರಿಯಾದ ವೇಗದಲ್ಲಿ ಈ ಹುಡುಗೀನ.”

“ನಿಮ್ಮ ತಪ್ಪನ್ನ ರೇಡಿಯೋದಲ್ಲಿ ಹೇಳೋದಾ ಅಕ್ಕ? ಮನೇಲೆಲ್ಲ ಕೇಳ್ತಿರ್ತಾರಲ್ಲ.”

“ಕೇಳ್ಲಿ. ಸರಿಯಾಗೇ ಮಾಡಿದ್ದಿದ್ರೆ ಆ ಹುಡುಗಿ ಒಬ್ಬಳೇ ಸಿಗ್ತಿದ್ಲು ಅಂತ ನಮ್ಮತ್ತೆಗೆ ಹೇಳ್ತೀನಿ.”

ಆರೂವರೆಗೆ ಉದ್ಘೋಷಕಿ ಹಾಗೆಯೇ ಹೇಳಿದಳು. ಸ್ಟುಡಿಯೋದ ಗಾಜಿನಾಚೆ ನೀರಕ್ಕ, ಗದ್ದಲ ಒಬ್ಬರ ಪಕ್ಕ ಒಬ್ಬರು ನಿಂತಿದ್ದರು. ಮುದುಕ ಹಾಡಿ ಮುಗಿಸುವಷ್ಟರಲ್ಲಿ ಮುಂದಿನ ವಾರ್ತೆ ಓದುವವನು ಗಡಿಯಾರ ನೋಡಿಕೊಳ್ಳುತ್ತ, ಹಾಳೆಗಳ ಕಟ್ಟು ಹಿಡಿದು ಸಿಡಿಮಿಡಿಗೊಂಡೇ ಒಳಗೆ ಬಂದ. ಬೆರಳಿನಿಂದ ಮಣಿಕಟ್ಟು ತಟ್ಟಿ ಹೊತ್ತಾಯಿತೆಂದು ಉದ್ಘೋಷಕಿಗೆ ಸನ್ನೆ ಮಾಡಿದ. ಆಗ ಹುಡುಗಿ ಓಡತೊಡಗಿದಳು. ಅವನ ಬೆರಳು ಮಣಿಕಟ್ಟಿನ ಮೇಲೇ ನಿಂತಿತು. ಹಿಂದಕ್ಕೆ ಕೈ ಹಾಕಿ ಸ್ಟೂಲು ತಡವಿ, ನೋಡದೆಯೇ ಕೂತ. ತೊಡೆಯ ಮೇಲಿಂದ ವಾರ್ತೆಯ ಹಾಳೆಗಳು ಒಂದರ ಹಿಂದೊಂದು ನೆಲಕ್ಕೆ ಜಾರಿದವು. ಯಾರೂ ಎತ್ತಿಕೊಳ್ಳಲಿಲ್ಲ.