ನದಿಯ ಸದ್ದು ನಿಂತಾಗ

ಮೇ ತಿಂಗಳ ನಡುವಿನಲ್ಲಿ, ಉತ್ತರದ ಚಳಿನಾಡಿನ ಲೇನಾ ನದಿಯ ಮಂಜುಗಡ್ಡೆ ಒಡೆದು ಹೊರಟಿತು. ಊರಿಗೆ ಊರೇ ದಂಡೆಗೆ ಬಂದು ನೋಡಿತು. ಅಲ್ಲಿ ನದಿಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಅಜ್ಜಿ ಅನ್ನುತ್ತಾರೆ. ದಂಡೆಯ ಬಳಿಯೇ ಮನೆಯಿದ್ದ ಒಗ್ದೂಯಾ ಬೆಣ್ಣೆ ಸವರಿದ ದೋಸೆಯನ್ನು ನೀರಿಗೆ ಹಾಕಿ, "ಹೋಗಿ ಬಾ ತಾಯಿ, ನಮ್ಮನ್ನ ಮುಟ್ಟಬೇಡ" ಎಂದು ತಲೆಬಾಗಿದಳು. ಆಮೇಲೆ ನೆರೆಯ ಭಯಕ್ಕೆ ಗುಡ್ಡದ ಮೇಲೆ ಕಟ್ಟಿದ್ದ ಹಸುವನ್ನು ಬಿಚ್ಚಿಕೊಂಡು ಹಟ್ಟಿಗೆ ಹೊರಟಳು. ಹಸು ಎರಿಯೆನ್ ಇವತ್ತೋ ನಾಳೆಯೋ ಈಯುವುದರಲ್ಲಿತ್ತು. ಗಂಡ ತೀರಿದ ಮೇಲೆ ಒಗ್ದೂಯಾಳ ಮಾತು ಕೇಳಲು ಇದ್ದದ್ದು ಅದೊಂದೇ ಜೀವ.

ದಾರಿಯಲ್ಲಿ ಪಕ್ಕದ ಮನೆಯ ಕ್ಯುನ್ನೇಯ್ ಎದುರಾದಳು. ದಂಡೆಯ ಅಳತೆಗೋಲಿನಲ್ಲಿ ನೀರಿನ ಮಟ್ಟ ನೋಡುವುದು ಅವಳ ಕೆಲಸ.

"ಯಾಕೆ ದೊಡ್ಡಮ್ಮ, ಹಸು ಇಳಿಸ್ತಿದ್ದೀಯಾ?"

"ಅಜ್ಜಿ ಹೊರಟಾಯ್ತಲ್ಲೇ. ಗುಡ್ಡದ ಗಾಳೀಲಿ ಈದ್ರೆ ಕರು ಉಳಿಯುತ್ತಾ?"

"ಹೊರಟಿದ್ದು ನಮ್ಮ ಕಣ್ಮುಂದೆ. ಕೆಳಗಿನ ತಿರುವು ದಾಟಿದ್ಲಾ?"

"ನನ್ನ ದೋಸೆ ತಿಂದಿದ್ದಾಳೆ. ದಾಟ್ತಾಳೆ."

"ನಿನ್ನ ದೋಸೆ ರುಚಿಗೆ ಅಲ್ಲೇ ನಿಂತುಬಿಟ್ರೆ?"

ಒಗ್ದೂಯಾಗೆ ನಗುವೂ ಬಂತು, ಸಿಟ್ಟೂ ಬಂತು. "ನೀರು ತಿರುಗೋ ಕಡೆ ಮಂಜುಗಡ್ಡೆ ತಿರುಗಲ್ವೇನೇ?"

"ನಿನ್ನ ಹಟ್ಟಿ ತುಂಬ ದನ ಇದ್ದ ಕಾಲ ನೆನೆಸ್ಕೋ. ಎಲ್ಲ ಒಟ್ಟಿಗೆ ನುಗ್ಗುವಾಗ ಮುಂದಿನದು ಬಾಗಿಲಲ್ಲಿ ಅಡ್ಡ ನಿಂತ್ರೆ? ಹಿಂದಿನವು ತಳ್ತವೆ, ಮೈಮೇಲೆ ಹತ್ತುತ್ತವೆ. ತಿರುವಲ್ಲೂ ಹಂಗೇ. ದೊಡ್ಡ ಮಂಜಿನ ಚಪ್ಪಡಿ ನೇರ ಹೋಗಿ ಹೊರದಂಡೆಗೆ ಗುದ್ದುತ್ತೆ. ಇನ್ನೊಂದು ಅದರಡಿ ನುಗ್ಗಿ ಮರಳುದಿಬ್ಬಕ್ಕೆ ಕಚ್ಕೊಳ್ಳುತ್ತೆ. ಅದರಾಚೆ ಉತ್ತರದ ಚಳೀಲಿ ನದಿ ಇನ್ನೂ ಹೆಪ್ಪುಗಟ್ಟಿ ಕಲ್ಲಾಗಿದೆ. ನೀರಿಗೆ ದಾರಿ ಎಲ್ಲಿ? ಹಿಂದಕ್ಕೆ ಒತ್ತಿ ನಮ್ಮ ಮೇಲೆ ಬರುತ್ತೆ."

"ಬರೋದು ಗೊತ್ತಾಗೋದು ಹೆಂಗೆ?"

"ಚಪ್ಪಡಿಗಳ ಸದ್ದು ನಿಲ್ಲುತ್ತೆ."

"ಸದ್ದು ನಿಂತ್ರೆ ಒಳ್ಳೇದೇ. ನಿದ್ದೆ ಬರುತ್ತೆ" ಎಂದು ಒಗ್ದೂಯಾ ಹಸುವನ್ನು ಹಟ್ಟಿಗೆ ಕೂಡಿದಳು. ಒಣಹುಲ್ಲು ಹಾಸಿ, ಹಾಲು ಹಾಕಿದ ಚಹಾ ಬಗ್ಗಿಸಿಕೊಂಡು ಕೂತಳು. ಹೊರಗೆ ಚಪ್ಪಡಿಗಳು ಉಜ್ಜಾಡುವ ಸದ್ದು ಒಂದೇ ಸಮನೆ ಬರುತ್ತಿತ್ತು. ಬಟ್ಟಲು ಬರಿದಾಗುವ ಮೊದಲೇ ಅದು ನಿಂತಿತು. ಕಿವಿಯೇ ಮುಚ್ಚಿಹೋದಂತೆ. ಹಟ್ಟಿಯಲ್ಲಿ ಎರಿಯೆನ್ ಒಮ್ಮೆ ಕೂಗಿತು.

ಒಗ್ದೂಯಾ ಹೊರಗೆ ಓಡಿಬಂದಳು. ನದಿ ತುಂಬ ಚಪ್ಪಡಿಗಳು ಅಲುಗದೆ ನಿಂತಿದ್ದವು. ಏರಿದ ನೀರಲ್ಲಿ ದೋಣಿ ಕಟ್ಟುವ ಗೂಟ ಕಾಣಲಿಲ್ಲ.

"ಕ್ಯುನ್ನೇಯ್!"

ಕ್ಯುನ್ನೇಯ್ ಟಾರ್ಪಾಲು ಹಿಡಿದು ಬೇಲಿಯ ಹತ್ತಿರವೇ ಬಂದಿದ್ದಳು. "ನಿನ್ನ ಬೈಯೋದೆಲ್ಲ ಆಮೇಲೆ. ನೀನು ಹಗ್ಗ ಹಿಡಿ, ನಾನು ಹಿಂದಿಂದ ತಳ್ತೀನಿ."

ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತ, ನರಳುತ್ತ, ಎರಿಯೆನ್ ಗುಡ್ಡ ಹತ್ತಿತು. ಟಾರ್ಪಾಲಿನ ಮರೆಯಲ್ಲಿ ಈದಿತು. ಒಗ್ದೂಯಾ ತನ್ನ ತುಪ್ಪಳದ ಅಂಗಿ ಕಳಚಿ ಕರುವಿಗೆ ಹೊದಿಸಿದಳು. ಕೆಳಗೆ ನೀರು ಹಟ್ಟಿಗೆ ಹೊಕ್ಕಿತ್ತು. ಮನೆಯಷ್ಟು ದೊಡ್ಡ ಚಪ್ಪಡಿಯೊಂದು ಅದರ ಗೋಡೆಗೆ ಒರಗಿ ನಿಂತಿತ್ತು.

"ಅಜ್ಜಿ ಮೇಲೆ ಸಿಟ್ಟಾ ದೊಡ್ಡಮ್ಮ?"

"ಪಾಪ, ಅವಳಿಗೆ ದಾರಿ ಇರಲಿಲ್ಲ ಕಣೇ. ನನಗಿತ್ತು."

ನದಿ ದಂಡೆಯ ಬಂಧುಗಳೇ, ಮಂಜುಗಡ್ಡೆ ಹೊರಟಿತೆಂದು ಹಟ್ಟಿಗೆ ಮರಳಬೇಡಿ. ತಿರುವು ದಾಟಿತೇ ಎಂದು ಕೇಳಿ ತಿಳಿಯಿರಿ. ಸದ್ದು ನಿಂತರೆ ನೋಡುತ್ತ ನಿಲ್ಲದೆ ಮಕ್ಕಳು, ಹಿರಿಯರು, ದನಕರುಗಳ ಜೊತೆ ಗುಡ್ಡ ಹತ್ತಿ. ಅಜ್ಜಿಗೆ ದೋಸೆ ಹಾಕಿ, ಖಂಡಿತ ಹಾಕಿ. ಆದರೆ ಮೊದಲು ಗುಡ್ಡದ ಮೇಲೊಂದು ಬೆಚ್ಚನೆಯ ಜಾಗ ಮಾಡಿಟ್ಟು ಬನ್ನಿ.