ಹತ್ತಿಬೀಜದ ಗೆರೆ

"ಇನ್ನಾ ಕಾದಿಲ್ಲೇನ?" ದೇವಕ್ಕ ಮತ್ತೆ ಕೇಳಿದಳು.

ಬೈಲಹೊಂಗಲದ ಕಾಲೇಜಿನ ಪ್ರಯೋಗಶಾಲೆ. ಮೇಜಿನ ಮೇಲೆ ಅಂಗೈಯಗಲದ ಹಿತ್ತಾಳೆಯ ಗಟ್ಟಿ, ಅದರ ಕುಳಿಗಳಲ್ಲಿ ಸಣ್ಣ ಪ್ಲಾಸ್ಟಿಕ್ ನಳಿಕೆಗಳು. ಬೀಜದ ರಸಕ್ಕೆ ರಾಸಾಯನಿಕ ಬೆರೆಸಿ ಮತ್ತೆ ಮತ್ತೆ ಕಾಯಿಸಿ ಆರಿಸಿದರೆ, ಅದರಲ್ಲಿನ ಡಿಎನ್ಎ ತುಣುಕು ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಅದಕ್ಕೆಂದೇ ಇರುವ ಯಂತ್ರ ಕಾಲೇಜಿಗೆ ಎಟುಕದ್ದರಿಂದ ಜೀವಶಾಸ್ತ್ರ ಕಲಿಸುವ ಶಿವಾನಿ, ಭೌತಶಾಸ್ತ್ರ ಕಲಿಸುವ ಮೆಹೆರಾಜ ಸೇರಿ ತಾವೇ ಒಂದನ್ನು ಮಾಡಿದ್ದರು.

ದೇವಕ್ಕ ಶಿವಾನಿಯ ಅತ್ತೆ. ಕಾಯಿಕೊರಕ ಹುಳು ಮುಟ್ಟದ ಹೊಸ ಹತ್ತಿ ಎಂದು ಅಂಗಡಿಯವನು ಕೊಟ್ಟ ಬೀಜದ ಮೇಲೆ ಅವಳಿಗೆ ಅನುಮಾನ. ಬಿತ್ತನೆ ಹತ್ತಿರ ಬಂದಿತ್ತು.

ಹಿಂದಿನ ದಿನ, ಹೋಲಿಸಿ ನೋಡಲು ತಂದಿದ್ದ, ಆ ಗುಣ ಖಾತ್ರಿಯಿದ್ದ ಬೀಜದ ನಳಿಕೆಯಲ್ಲೂ ಏನೂ ಕಂಡಿರಲಿಲ್ಲ. ರಾಸಾಯನಿಕ ಇನ್ನೊಂದೇ ಸಲಕ್ಕಾಗುವಷ್ಟು ಉಳಿದಿತ್ತು. ಹಾಗಾಗಿ ಈಗ ಬರೀ ನೀರು ಹಾಕಿ ನೋಡುತ್ತಿದ್ದರು.

"ಮದವಿ ಹಂಡೆ ಆಗೇತಿದು," ಎಂದಳು ಮೆಹೆರಾಜ. "ಕಾಯಾಕೂ ತಡ, ಆರಾಕೂ ತಡ."

ಮರುದಿನ ಅವಳು ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಮ್ಮಿನ ತೆಳ್ಳನೆಯ ಗಟ್ಟಿ ಮಾಡಿಸಿ, ತಳವನ್ನೂ ಕೊರೆಸಿ ಹಗುರ ಮಾಡಿ ತಂದಳು. ಅದು ಬೇಗ ಕಾಯಿತು. ಶಿವಾನಿ ರಾಸಾಯನಿಕದ ಬಾಟಲಿಗೆ ಕೈ ಹಾಕಿದಳು.

"ತಡೀರಿ," ಎಂದು ಮೆಹೆರಾಜ ಉಷ್ಣತೆ ಅಳೆಯುವ ತಂತಿಯನ್ನು ನಳಿಕೆಯೊಳಗೇ ಇಳಿಬಿಟ್ಟಳು. "ಗಟ್ಟಿ ಕಾದೈತಿ, ನೀರ ಕಾದಿಲ್ಲ! ಯಾಕಿರಬೇಕು?"

ನಳಿಕೆಯನ್ನು ಬೆರಳಿನಿಂದ ಅಲುಗಿಸಿದಳು. ಕುಳಿಯಲ್ಲಿ ಅದು ಸಡಿಲವಾಗಿ ಆಡಿತು. "ನಡುವ ಗಾಳಿ ಕುಂತೈತ್ರಿ. ಶಾಖ ದಾಟಗೊಡವಲ್ದು."

ಕುಳಿಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟರು. ಈಗ ಗಟ್ಟಿಯ ಬೆನ್ನಿಗೇ ನೀರೂ ಕಾಯತೊಡಗಿತು. ಶಿವಾನಿ ಎರಡೂ ಬೀಜಗಳ ರಸಕ್ಕೆ ಕೊನೆಯ ರಾಸಾಯನಿಕವನ್ನು ಬೆರೆಸಿದಳು.

ಸಂಜೆ ನಳಿಕೆಗಳ ರಸವನ್ನು ಜೆಲ್ಲಿಯ ಹಾಳೆಯಲ್ಲಿ ಸಾಲುಸಾಲಾಗಿ ತುಂಬಿ, ಡಿಎನ್ಎ ಗೆರೆಗಳಾಗಿ ಬೇರೆಯಾಗಲೆಂದು ವಿದ್ಯುತ್ ಹರಿಸಿ, ಪರದೆ ಎಳೆದು ನೇರಳೆ ದೀಪ ಹಚ್ಚಿದರು. ಖಾತ್ರಿಯಿದ್ದ ಬೀಜದ ಸಾಲಿನಲ್ಲಿ ಎರಡು ಗೆರೆ ಹೊಳೆದವು. ಪಕ್ಕದ ಸಾಲಿನಲ್ಲಿ ಒಂದೇ.

"ನಂದ್ಯಾವದು?" ಎಂದಳು ದೇವಕ್ಕ.

ಶಿವಾನಿ ಪಕ್ಕದ ಸಾಲಿಗೆ ಬೆರಳು ತೋರಿಸಿದಳು. "ಒಂದ ಗೆರಿ ಇದ್ದದ್ದರಿ, ಅತ್ತಿ. ಅದು ಬರೇ ಹತ್ತಿ ಅನ್ನೂ ಗುರ್ತು. ಹುಳಾ ತಡಿಯೂ ಗುಣದ ಗೆರಿ ಇಲ್ಲರಿ."

ದೇವಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾಳಿಗೇ ಬೀಜದ ಚೀಲ ಹೊರಿಸಿ ಅವನ ಅಂಗಡಿ ಮುಂದ ಇಳಸ್ತೇನಿ," ಎಂದಳು. "ಮಣ್ಣಿಗೆ ಹಾಕೂಮುಂದ ಗೊತ್ತಾತಲ್ಲ, ಸಾಕು."

ಮೆಹೆರಾಜ ದೀಪ ಆರಿಸಲು ಹೋದಳು.

"ಇರವಾ, ಇನ್ನೊಮ್ಮೆ ನೋಡತೇನಿ." ನೇರಳೆ ಬೆಳಕಿಗೆ ಕಣ್ಣು ಕೆಡದಿರಲೆಂದು ಶಿವಾನಿ ತೊಡಿಸಿದ್ದ, ಜಾರುತ್ತಿದ್ದ ದೊಡ್ಡ ಕನ್ನಡಕವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ದೇವಕ್ಕ ಬಾಗಿದಳು. ಆ ಕಡೆಯಿಂದ ಶಿವಾನಿ, ಈ ಕಡೆಯಿಂದ ಮೆಹೆರಾಜ ಬಾಗಿದರು. ಮೂವರ ಗಲ್ಲದ ಮೇಲೂ ನೇರಳೆ ಬೆಳಕು ಬಿದ್ದಿತ್ತು.