ನಲವತ್ತೇಳರಲ್ಲಿ ಮುಗಿಯುವ ನಂಬರು

ಮಗಳು ನಾಗಶ್ರೀಗೆ ಚಿತ್ರದುರ್ಗದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ ಎಂದು ಮೆಸೇಜು ಬಂದದ್ದು ಬುಧವಾರ. ಶುಕ್ರವಾರ ಸಂಜೆ ಐದರೊಳಗೆ ಅವಳ ಮೇಲ್‌ಗೆ ಬಂದಿರುವ ಲಿಂಕ್ ಒತ್ತಿ ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ. ಮೇಲ್ ತೆರೆಯೋಣವೆಂದರೆ ಪಾಸ್‌ವರ್ಡ್ ಗೊತ್ತಿಲ್ಲ. ಹಳೇ ಫೋನಿನಲ್ಲಿ ಅದು ತಾನಾಗಿಯೇ ತೆರೆಯುತ್ತಿತ್ತು. ಆ ಫೋನು ಹೋದ ತಿಂಗಳು ನೀರಿನ ತೊಟ್ಟಿಗೆ ಬಿತ್ತು. ಹೊಸದು ಎಲ್ಲವನ್ನೂ ಮೊದಲಿಂದ ಕೇಳುತ್ತಿದೆ.

ಮೇಲ್ ಮಾಡಿಸಿದ್ದು ಅವಳ ಅಪ್ಪ ದುರುಗೇಶ್, ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಹೊಸದುರ್ಗದ ಸೈಬರ್ ಸೆಂಟರಿನಲ್ಲಿ. ಅವರು ತೀರಿಕೊಂಡು ಒಂದೂವರೆ ವರ್ಷವಾಯಿತು. ಪಾಸ್‌ವರ್ಡನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ.

"47ರಲ್ಲಿ ಮುಗಿಯೋ ನಂಬರ್‌ಗೆ ಕೋಡ್ ಕಳಿಸ್ಲಾ ಅಂತ ಕೇಳ್ತೈತೆ ಅವ್ವ. ಅಪ್ಪನ್ದು" ಎಂದಳು.

ಆ ಸಿಮ್ಮು ಈಗ ನಮ್ಮದಲ್ಲ. ಇಲ್ಲದವರ ಫೋನಿಗೆ ಯಾಕೆ ರೀಚಾರ್ಜು ಎಂದು ಬಿಟ್ಟವಳು ನಾನೇ. ಈಗ ಯಾರ ಹತ್ತಿರ ಇದೆಯೋ ನೋಡೋಣವೆಂದು ನಂಬರು ಒತ್ತಿದೆ. ಹೆಂಗಸೊಬ್ಬಳು ಎತ್ತಿದಳು. ಎಲ್ಲವನ್ನೂ ಹೇಳಿ, ಒಂದು ಕೋಡು ಬರುತ್ತದೆ, ಓದಿ ಹೇಳು ತಾಯಿ ಎಂದೆ.

"ಓಟೀಪಿನಾ? ಏನಮ್ಮ, ನಾನೇ ಸಿಕ್ನಾ ನಿಂಗೆ? ದಿನಾ ಫೋನೇ ಹೇಳ್ತೈತೆ ಯಾರ್ಗೂ ಕೊಡ್ಬ್ಯಾಡ್ರಿ ಅಂತ. ನಿಜವಾದೋಳಾದ್ರೆ ಹಿರಿಯೂರು ಬಸ್ ಸ್ಟ್ಯಾಂಡಿಗೆ ಬಾ, ಹೂವಿನ ನಿಂಗಕ್ಕ ಅಂತ ಕೇಳು" ಎಂದು ಇಟ್ಟಳು. ಆಮೇಲೆ ಎಷ್ಟು ಮಾಡಿದರೂ ಎತ್ತಲಿಲ್ಲ.

ಗುರುವಾರ ರಜೆ ಸಿಗಲಿಲ್ಲ. ಶಾಲೆಯಲ್ಲಿ ಇನ್ನೂರು ಮಕ್ಕಳ ಬಿಸಿಯೂಟ ಮಾಡುವುದಕ್ಕೆ ಇರುವುದು ನಾನು, ಮೀನಾಕ್ಷಿ ಇಬ್ಬರೇ. ಶುಕ್ರವಾರ ಬೆಳಿಗ್ಗೆ ಬೇಗ ಹೋಗಿ ಸಾಂಬಾರಿನವರೆಗೆ ಮುಗಿಸಿ, ಬಡಿಸುವುದನ್ನು ಮೀನಾಕ್ಷಿಗೆ ಒಪ್ಪಿಸಿ ಬಸ್ಸು ಹತ್ತಿದೆವು. ಹಿರಿಯೂರು ತಲುಪಿದಾಗ ಮೂರು ದಾಟಿತ್ತು.

ನಿಂಗಕ್ಕ ಸೇವಂತಿಗೆ ಕಟ್ಟುತ್ತಿದ್ದಳು. ನಮ್ಮನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಬಂದೇ ಬಿಟ್ರಾ! ಕುಂತ್ಕಳ್ರಿ. ಬಂದ್ಬಿಟ್ರೆ ಕೊಟ್ಬಿಡ್ತೀನಿ ಅಂದ್ಕಬ್ಯಾಡ್ರಿ."

ಮರಣ ಪ್ರಮಾಣಪತ್ರದ ಜೆರಾಕ್ಸ್ ಮುಂದಿಟ್ಟೆ. ತಿರುಗಿಸಿ ನೋಡಿದಳು.

"ನಂಗೆ ಓದಾಕ್ಕೆ ಬರಾದಿಲ್ಲ. ಕಾಗದ ಯಾರು ಬೇಕಾದ್ರೂ ಮಾಡ್ಸ್ತಾರೆ. ಒಂದು ಕೇಳ್ತೀನಿ. ಈ ನಂಬರ್ ತಗಂಡು ಎಂಟು ತಿಂಗ್ಳಾತು, ಯಾರ‍್ಯಾರೋ ಗಂಡಸ್ರು ಫೋನ್ ಮಾಡ್ತಾರೆ. ನಿನ್ ಗಂಡನ್ದೇ ಆಗಿದ್ರೆ, ಅವ್ರು ಏನು ಕೇಳ್ತಾರೆ ಹೇಳು ನೋಡಾಣ."

"ಮಂದೆ ಕೇಳ್ತಾರೆ" ಎಂದೆ. "ನಮ್ಮನೆಯವರ ಹತ್ರ ನೂರೈವತ್ತು ಕುರಿ ಇದ್ವು. ಬಿತ್ತನೆಗೆ ಮುಂಚೆ ನಮ್ಮ ಹೊಲದಾಗೆ ನಾಕು ರಾತ್ರಿ ಮಂದೆ ನಿಲ್ಸು, ಗೊಬ್ಬರ ಬೀಳ್ಲಿ ಅಂತ ಕೇಳ್ತಾರೆ."

ಅವಳ ಕೈ ನಿಂತಿತು.

"ಹೊಳಲ್ಕೆರೆ ರಘುನಾಥ್ ಮಾಡಿರ್ತಾರೆ. ಅವ್ರು ಹಲೋ ಅನ್ನಲ್ಲ. ಎತ್ತಿದ ಕೂಡ್ಲೆ 'ಎಲ್ಲಿದೀಯಲೇ' ಅಂತಾರೆ."

"ಅಯ್ಯೋ, ಅವ್ನಾ! ನಂಗೇ ಲೇ ಅಂದ ಕಣವ್ವ! ಬಾಯಿಗೆ ಬಂದಂಗೆ ಬೈದಿದೀನಿ." ನಗುತ್ತಾ ಸೀರೆ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಆಮೇಲೆ ನಗು ನಿಂತಿತು. "ಪಾಪ, ಅವ್ರಿಗೂ ಗೊತ್ತಿಲ್ಲೇನೋ ತೀರ‍್ಕಂಡಿದ್ದು. ನಾನು ರಾಂಗ್ ನಂಬರ್ ಅಂತಿದ್ದೆ."

ನಾಗಶ್ರೀ ತನ್ನ ಫೋನಿನಲ್ಲಿ ಕೋಡ್ ಕಳಿಸು ಎಂದು ಒತ್ತಿದಳು. ನಿಂಗಕ್ಕನ ಫೋನು ಕಿಣಿ ಎಂದಿತು. ಅವಳು ಅದನ್ನು ಎದೆಗೆ ಅವುಚಿಕೊಂಡು ಸುತ್ತ ನೋಡಿ, ನಾಗಶ್ರೀಯ ಮೂಗಿನ ಮುಂದೆ ಹಿಡಿದಳು.

"ನಾನು ಹೇಳಿಲ್ಲ ಮತ್ತೆ. ನೀನೇ ನೋಡ್ಕಂಡಿದ್ದು."

ಮೇಲ್ ತೆರೆಯಿತು. ಲಿಂಕ್ ಮೇಲಿನಿಂದ ಮೂರನೆಯದಿತ್ತು. ನಾಗಶ್ರೀ ಒತ್ತಿ, ಮತ್ತೊಮ್ಮೆ ಹೆಸರು, ರಿಜಿಸ್ಟರ್ ನಂಬರು ಹಾಕಿ ಕಾದಳು. ಚಕ್ರ ತಿರುಗಿತು, ತಿರುಗಿತು. ಮೂರು ನಲವತ್ತಕ್ಕೆ ಒಪ್ಪಿಗೆ ದಾಖಲಾಗಿದೆ ಎಂದು ಬಂತು. ಅವಳು ಹೂವಿನ ಬುಟ್ಟಿಯ ಪಕ್ಕದಲ್ಲಿ ಕುಳಿತುಬಿಟ್ಟಳು. ನಾನೂ ಕುಳಿತೆ. ಬೆಳಿಗ್ಗೆಯಿಂದ ಕಾಲು ನೋಯುತ್ತಿದ್ದದ್ದು ಆಗ ಗೊತ್ತಾಯಿತು.

"ಮದ್ಲು ನನ್ ನಂಬರ್ ತೆಗೀರಿ ಅದ್ರಾಗಿಂದ" ಎಂದಳು ನಿಂಗಕ್ಕ. ನಾಗಶ್ರೀ ತೆಗೆದು ನನ್ನದನ್ನು ಹಾಕಿದಳು.

"ಇನ್ಮ್ಯಾಕೆ ಮಂದೆಗೆ ಫೋನ್ ಬಂದ್ರೆ ಏನನ್ಲವ್ವ?"

"ದುರುಗೇಶ್ ಹೋಗ್ಬಿಟ್ರು ಅನ್ನು. ಕುರಿ ಈಗ ಮೈದುನನ ಹತ್ರ ಅವೆ, ಅವ್ನ ನಂಬರ್ ಕೊಡು."

ನಂಬರನ್ನು ನಿಂಗಕ್ಕನ ಫೋನಿನಲ್ಲಿ ನಾಗಶ್ರೀಯೇ ಸೇವ್ ಮಾಡಿದಳು. ಹೆಸರಿನ ಜಾಗದಲ್ಲಿ ಕುರಿಯ ಚಿತ್ರ ಹಾಕಿದಳು.

ಹೊಸದುರ್ಗದ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಹತ್ತು ರೂಪಾಯಿಯ ನೋಟ್ ಪುಸ್ತಕ ತಂದು ನಾಗಶ್ರೀಯ ಕೈಗೆ ಕೊಟ್ಟೆ.

"ಬರ‍್ಕ. ನನ್ ಫೋನಿಂದು, ಎಟಿಎಮ್ಮಿಂದು, ಗ್ಯಾಸ್‌ದು, ರೇಷನ್ ಕಾರ್ಡಿಗೆ ಯಾವ ನಂಬರ್ ಕೊಟ್ಟೀವಿ, ಎಲ್ಲಾ."

"ಇವಾಗ್ಲೇನಾ ಅವ್ವ? ಮನೆಗೋಗಿ ಬರಿಯಾಣ."

"ಮನೆಗೋದ್ರೆ ಮುದ್ದೆಗೆ ಎಸ್ರಿಡ್ಬೇಕು. ನೀನು ಹಾಸ್ಟೆಲ್ ಸೇರಿದ್ಮ್ಯಾಕೆ ನಂಗೇನಾದ್ರೂ ಆದ್ರೆ, ನೀನು ಯಾವೂರಿಗೆ ಹೋಗಿ ಯಾರ ಕಾಲು ಹಿಡೀತೀಯ? ಬರಿ."

ಅವಳು ಪೆನ್ನಿನ ಮುಚ್ಚಳ ತೆಗೆದಳು. ನಾನು ಎಟಿಎಂ ಪಿನ್ನಿನಿಂದ ಶುರು ಮಾಡಿದೆ.

"ಮೆಲ್ಲಗೆ ಹೇಳವ್ವ! ಇಡೀ ಬಸ್ ಸ್ಟ್ಯಾಂಡಿಗೆ ಕೇಳ್ತೈತೆ" ಎಂದು ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು.